ನೀರು ಹೊರುವ ಸರದಿ

ಫೆಬ್ರವರಿ 3, ಬೆಳಿಗ್ಗೆ

ಮಾತ್ರೆ ಆಯಿತು. ಗಂಟಲಿಗೆ ಉಸಿರಿನ ಪಂಪು ಹೊಡೆದದ್ದೂ ಆಯಿತು. ಶೇವಿಂಗ್ ಮಾತ್ರ ಅರ್ಧ — ಎಡಗೆನ್ನೆ ಮುಗಿಸಿ ಸ್ಟೂಲಿನ ಮೇಲೆ ಕೂತೆ, ಅಷ್ಟರಲ್ಲಿ ಬಲಗೆನ್ನೆಯ ಸೋಪು ಒಣಗಿ ಹೋಯಿತು. ಇವಳು ಬಂದು ನೋಡಿ, ಒದ್ದೆ ಟವೆಲ್ ಕೊಟ್ಟು ಹೋದಳು.

ಈಗೀಗ ಬರೆಯುವುದೇ ವಾಸಿ. ಮಾತಾಡಿದರೆ ಉಸಿರು ಖರ್ಚು. ಬರೆದರೆ ಬರೀ ಇಂಕು.

ನಿನ್ನೆ ಹಳೇ ಕಾರ್ಮಿಕರ ಸಂಘದ ಆಫೀಸಿಗೆ ಹೋಗಿದ್ದೆವು. ನಮ್ಮಂಥವರ ಅರ್ಜಿ ನೋಡಿಕೊಳ್ಳುವ ಮೇಡಂ ಒಬ್ಬಳಿದ್ದಾಳೆ. ಚಿಕ್ಕ ವಯಸ್ಸು, ಚುರುಕು, ನನ್ನನ್ನು ಅಂಕಲ್ ಎನ್ನುತ್ತಾಳೆ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದಳು — "ಇದು ಸಿಗರೇಟಿಂದ ಬಂದಿದ್ದಲ್ಲ ಅಂಕಲ್. ಕೆಲಸದಿಂದ ಬಂದಿದ್ದು. ಆಸ್ಬೆಸ್ಟಾಸ್ ಧೂಳು. ಅಂಗವೈಕಲ್ಯ ಭತ್ಯೆಗೆ ಹಾಕೋಣ. ನೀವಿರುವಾಗಲೇ ಮಂಜೂರಾದ್ರೆ, ನಿಮ್ಮ ನಂತರ ಆಂಟಿಗೆ ಕೊನೇತನಕ ಬರುತ್ತೆ. ಆಗಲಿಲ್ಲ ಅಂದ್ರೆ... ನಿಮ್ಮ ಜೊತೆಗೇ ಮುಗೀತು."

ಇವಳು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು, ಆ ಮಾತು ತನಗಲ್ಲ ಎನ್ನುವಂತೆ. ಕ್ಯಾಂಟೀನಿನಲ್ಲಿ ಕಂಟ್ರಾಕ್ಟ್ ಮೇಲೆ ಪಾತ್ರೆ ಉಜ್ಜಿದವಳು. ಪಿಂಚಣಿ ಎನ್ನುವುದು ಇವಳ ಹಣೆಯಲ್ಲಿ ಬರೆದೇ ಇಲ್ಲ. ನಮಗೆ ಮಕ್ಕಳಿಲ್ಲ. ನಾನು ಹೋದ ಮೇಲೆ ಇವಳ ಗತಿ? ನನ್ನ ಎದೆ ಹಾಳಾಗಿ ಹೋಗಲಿ, ನನಗೆ ಇದೊಂದೇ ಯೋಚನೆ.

ಫೆಬ್ರವರಿ 4

"ಏನು ಕೆಲಸ ಮಾಡ್ತಿದ್ರಿ, ವಿವರವಾಗಿ ಹೇಳಿ" ಎಂದಿದ್ದಳು ಮೇಡಂ. ಪವರ್ ಹೌಸಿನಲ್ಲಿ, ಬಾಯ್ಲರ್ ಪೈಪಿಗೆ ಹೊದಿಕೆ ಹಾಕುವ ಕೆಲಸ ಎಂದೆ. ಅಷ್ಟೇ ಬರೆದುಕೊಂಡಳು. ಅಷ್ಟೇನಾ?

ಬಿಸಿ ಪೈಪಿಗೆ ಸ್ವೆಟರ್ ಹಾಕುವುದು ಅಂದರೆ ಮಕ್ಕಳಾಟವೇ! ಚೀಲ ಹರಿದರೆ ಒಳಗೆ ಬಿಳೀ ನಾರು — ನಾವು ಹತ್ತಿ ಎನ್ನುತ್ತಿದ್ದೆವು. ಕತ್ತರಿಸಿದ ಡ್ರಮ್ಮಿಗೆ ಅದನ್ನು ಸುರಿದು, ನೀರು ಹಾಕಿ, ಮೊಣಕೈವರೆಗೆ ಕೈ ಇಳಿಸಿ ನಾದಬೇಕು. ಹದ ಬಂದರೆ ಅಂಗೈಗೆ ಗೊತ್ತಾಗುತ್ತದೆ, ಹೇಳಿಕೊಡೋಕೆ ಬರುವುದಿಲ್ಲ. ಆಮೇಲೆ ಪೈಪಿಗೆ ಮೆತ್ತಿ, ಬಟ್ಟೆ ಸುತ್ತಿ, ಮೇಲೆ ಇನ್ನೊಂದು ಕೈ ಸವರಿ ನುಣ್ಣಗೆ ಮಾಡುವುದು. ಸಂಜೆ ನಾವು ಗೇಟು ದಾಟುವಾಗ ಹುಬ್ಬು, ರೆಪ್ಪೆ, ಮೂಗಿನ ಕೂದಲು ಎಲ್ಲ ಬೆಳ್ಳಗೆ. ಫಿಟ್ಟರ್‌ಗಳು ನಮ್ಮನ್ನು ಹಿಟ್ಟಿನ ಗ್ಯಾಂಗ್ ಎಂದು ಕರೆಯುತ್ತಿದ್ದರು. "ಗಿರಣಿ ಬಂತು, ದಾರಿ ಬಿಡ್ರೋ!"

ಛಾವಣಿಯ ಗಾಜಿನಿಂದ ಬಿಸಿಲು ಬಿದ್ದಾಗ ಆ ಧೂಳು ಮಿನುಗುತ್ತ ಇಳಿಯುವುದನ್ನು ನೋಡಬೇಕಿತ್ತು. ನಾನು ಕೆಲಸ ಬಿಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬಾಯಿ ಬಿಟ್ಟುಕೊಂಡೇ! ಈಗ ನೆನೆದರೆ ನಗು ಬರುತ್ತದೆ. ಆದರೆ ಚೆಂದವಿತ್ತು. ಸುಳ್ಳು ಯಾಕೆ ಹೇಳಲಿ, ತುಂಬಾ ಚೆಂದವಿತ್ತು.

ಫೆಬ್ರವರಿ 11, ಮಧ್ಯಾಹ್ನ

ಇವಳು ಅಂಗಡಿಗೆ ಹೋಗಿದ್ದಾಳೆ. ಮನೆಯಲ್ಲಿ ಆಮ್ಲಜನಕದ ಮಷೀನಿನ ಗುರ್ರ್ ಒಂದೇ. ಹಳೇ ಬಾಯ್ಲರಿನ ಮರಿ ಇದ್ದಂಗಿದೆ.

ಬಾಯ್ಲರ್ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅದಕ್ಕೇ ಸೀಟಿ. ಎರಡು ಬೆರಳು ಬಾಯಿಗಿಟ್ಟು ಹೊಡೆದರೆ ಮೇಲಿನ ಅಟ್ಟಣೆವರೆಗೆ ಮುಟ್ಟಬೇಕು. ಒಬ್ಬೊಬ್ಬರಿಗೆ ಒಂದೊಂದು ಸೀಟಿ, ಅದೇ ಅವರ ಹೆಸರು. ಮೇಸ್ತ್ರಿಯದು ಒಂದೇ ಎಳೆತ, ಬೈಗುಳದ ಹಾಗೆ. ಉದ್ದಣ್ಣನದು ಕೊನೆಯಲ್ಲಿ ಬಾಗುತ್ತಿತ್ತು, ಅವನೂ ಬಾಗಿಲು ದಾಟುವಾಗ ಹಾಗೇ ಬಾಗುತ್ತಿದ್ದ. ನನ್ನದು ಒಂದು ಉದ್ದ, ಎರಡು ಗಿಡ್ಡ. ಮನೆಗೆ ಬರುವಾಗಲೂ ಬೀದಿ ತುದಿಯ ದರ್ಜಿ ಅಂಗಡಿ ಹತ್ತಿರ ನಿಂತು ಅದನ್ನೇ ಹೊಡೆಯುತ್ತಿದ್ದೆ. ಇವಳು ಕೇಳಿದ ಕೂಡಲೇ ಟೀಗೆ ನೀರಿಡುತ್ತಿದ್ದಳು. ನಾನು ಎರಡನೇ ಮಹಡಿ ಹತ್ತಿ ಬರುವಷ್ಟರಲ್ಲಿ ನೀರು ಕುದಿ. "ಬೀದಿಯವರೆಲ್ಲ ಏನಂದ್ಕೋಬೇಕು, ನಾನೇನು ನಾಯೀನಾ ಸೀಟಿ ಹೊಡೆದು ಕರೆಯೋಕೆ?" ಎಂದು ದಿನಾ ಬೈಗುಳ. ದಿನಾ ಬಿಸಿ ಬಿಸಿ ಟೀ.

ಈಗ ಬೆರಳಿಟ್ಟು ಊದಿದರೆ ಬರೀ ಗಾಳಿ. ಮೊನ್ನೆ ಪ್ರಯತ್ನ ಪಟ್ಟೆ. ಇವಳು ನೋಡಿಬಿಟ್ಟಳು.

ಫೆಬ್ರವರಿ 12

ಇನ್ನೊಂದು ಬರೆಯಬೇಕು. ಊದುವ ಆಟ.

ನಾದುವುದಕ್ಕೆ ನೀರು ಬೇಕು. ನಲ್ಲಿ ಇದ್ದದ್ದು ಹೊರಗೆ, ಕ್ಯಾಂಟೀನಿನ ಹಿಂದೆ, ಅಷ್ಟು ದೂರ. ಯಾರು ಹೊರಬೇಕು? ಬೆಳಿಗ್ಗೆ ಹಲಗೆಯ ಮೇಲೆ ಹತ್ತಿಯ ಒಂದು ಉಂಡೆ. ಆ ಕಡೆ ಒಬ್ಬ, ಈ ಕಡೆ ಒಬ್ಬ. ಊದಬೇಕು. ಯಾರು ಮೊದಲು "ಸಾಕಪ್ಪಾ, ಉಸಿರಿಲ್ಲ" ಎನ್ನುತ್ತಾನೋ ಅವನು ಇಡೀ ದಿನ ನೀರು ಹೊರಬೇಕು. ಎದುರಿನವನ ಮುಖಕ್ಕೆ ಹತ್ತಿ ಮೆತ್ತಿಕೊಂಡರೆ ಗ್ಯಾಂಗಿಗೆ ಗ್ಯಾಂಗೇ ಬಿದ್ದು ಬಿದ್ದು ನಗುತ್ತಿತ್ತು.

ನಾನು ಸೋಲುತ್ತಿರಲಿಲ್ಲ. ಅದಕ್ಕೇ ನನಗೆ ತಿದಿ ಎಂದು ಹೆಸರು. ಕುಲುಮೆಯ ತಿದಿ. ಯಾವಾಗಲೂ ಸೋಲುವವನಿಗೆ ಬಕೆಟ್ ಎಂದು ಹೆಸರು. ಎರಡೇ ಊದಿಗೆ ಕೈ ಎತ್ತಿಬಿಡುತ್ತಿದ್ದ, ಮಾನ ಮರ್ಯಾದೆ ಇಲ್ಲದ ಪ್ರಾಣಿ.

ಅವನೊಬ್ಬನನ್ನು ಬಿಟ್ಟರೆ "ಉಸಿರಿಲ್ಲ" ಎನ್ನುವ ಮಾತು ಮಾತ್ರ ನಮ್ಮಲ್ಲಿ ಯಾರೂ ಆಡುತ್ತಿರಲಿಲ್ಲ. ಆಟದ ಹೊರಗೂ. ಏಣಿ ಹತ್ತಿ ಎದೆ ಒಡೆಯುವ ಹಾಗಿದ್ದರೂ ಬಾಯಿಗೆ ಬೀಗ. ಅಂದರೆ ಮುಗಿಯಿತು, ಬಕೆಟ್ಟು ಕೈಗೆ.

ಫೆಬ್ರವರಿ 20

ಮೊನ್ನೆ ಮೇಡಂ ಫೋನ್ ಮಾಡಿ, "ಆಂಟಿ ನಿಮ್ಮ ಬಟ್ಟೆ ಒಗೀತಿದ್ರಾ?" ಎಂದು ಕೇಳಿದಳು. ಮತ್ತೆ ಇನ್ಯಾರು ಒಗೆಯುತ್ತಾರೆ ಎಂದೆ. ಆಮೇಲೆ ಅರ್ಥವಾಯಿತು. ಆ ಧೂಳು ಇವಳ ಎದೆಗೂ ಹೋಗಿರಬಹುದು. ಮೆಟ್ಟಿಲ ಕಟ್ಟೆಯ ಮೇಲೆ ನನ್ನ ಅಂಗಿಯನ್ನು ಪಟಪಟ ಬಡಿದು ಕೊಡವುತ್ತಿದ್ದಳು. ಧೂಳು ಇವಳ ಜಡೆಯ ಮೇಲೆ ಕೂರುತ್ತಿತ್ತು. ನಾನು "ನರೆ ಬಂತು ನಿಂಗೆ" ಎಂದು ರೇಗಿಸುತ್ತಿದ್ದೆ.

ಎರಡು ದಿನ ಅನ್ನ ಇಳಿಯಲಿಲ್ಲ. ಇವತ್ತು ಇವಳ ಎಕ್ಸ್‌ರೇ ನೋಡಿ ಎದೆ ಡಾಕ್ಟರು ಹೇಳಿದರು — ಕ್ಲಿಯರ್. ಏನೂ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತುಬಿಟ್ಟೆ. ಇವಳು ಸೆರಗಿನಲ್ಲಿ ನನ್ನ ಮೂಗು ಒರೆಸಿ, "ನನಗೇನಾಗುತ್ತೆ, ಗುಂಡುಕಲ್ಲು ನಾನು. ಏಳಿ, ಬಸ್ ಹೋಗುತ್ತೆ" ಎಂದಳು.

ಮಾರ್ಚ್ 9, ಸಂಜೆ

ಇವತ್ತು ಭತ್ಯೆಯ ಡಾಕ್ಟರ ಮುಂದೆ ಪರೀಕ್ಷೆ. ಚೆನ್ನಾಗಿ ಆಯಿತು.

ಬೆಳಿಗ್ಗೆ ಬೇಗ ಎದ್ದು ಎರಡೂ ಕೆನ್ನೆ ಶೇವ್ ಮಾಡಿದೆ. ಇಸ್ತ್ರಿ ಅಂಗಿ. ಬೂಟಿಗೆ ಪಾಲಿಶ್. ಕಾರಿಡಾರಿನಲ್ಲಿ ನಡೆಯಲು ಹೇಳಿದರು. ನನ್ನ ಮುಂದಿದ್ದ ಮುದುಕ ನಡುವೆ ಕುರ್ಚಿ ಹಿಡಿದು ಕೂತ. ನಾನು ಕೂರಲಿಲ್ಲ. ಕಣ್ಣು ಕತ್ತಲೆ ಬಂತು, ಆದರೂ ಕೂರಲಿಲ್ಲ. ಡಾಕ್ಟರು ಕಂಪ್ಯೂಟರ್‌ನಿಂದ ಕಣ್ಣೆತ್ತದೆ ಕೇಳಿದರು.

"ಮೆಟ್ಟಿಲು ಹತ್ತೋಕಾಗುತ್ತಾ?"

"ಆಗುತ್ತೆ ಸರ್."

"ಸ್ನಾನ, ಬಟ್ಟೆ?"

"ಎಲ್ಲಾ ಆಗುತ್ತೆ ಸರ್."

"ಗುಡ್" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಮೇಸ್ತ್ರಿ ಬೆನ್ನು ತಟ್ಟಿದ ಹಾಗೆ. ಬಸ್ಸಿನಲ್ಲಿ ಇವಳಿಗೆ ಎಲ್ಲಾ ಹೇಳಿದೆ. ಇವಳು ಕಿಟಕಿ ಕಡೆ ನೋಡುತ್ತಿದ್ದಳು.

ಏಪ್ರಿಲ್ 2

ಉತ್ತರ ಬಂತು. ಕಾಯಿಲೆ ಇದೆಯಂತೆ. ಕೆಲಸದಿಂದಲೇ ಬಂದಿದೆಯಂತೆ. ಆದರೆ ದಿನನಿತ್ಯದ ಬದುಕಿಗೆ ಹೇಳಿಕೊಳ್ಳುವಂಥ ಅಡ್ಡಿಯಿಲ್ಲವಂತೆ. ಭತ್ಯೆ ಇಲ್ಲ.

ಇವಳಿಗೆ ಇಷ್ಟು ಸಿಟ್ಟು ಬಂದದ್ದನ್ನು ನಾನು ನೋಡೇ ಇರಲಿಲ್ಲ. "ಬೂಟಿಗೆ ಪಾಲಿಶ್ ಹಾಕ್ಕೊಂಡು ಹೋಗಿದ್ರಲ್ಲ ಮಹಾರಾಯರು! ಮೆಡಲ್ ಕೊಡ್ತಾರೆ ಅಂದ್ಕೊಂಡ್ರಾ? ಸ್ನಾನ ಆಗುತ್ತಂತೆ ಸ್ನಾನ! ಹಾಗಾದ್ರೆ ದಿನಾ ಬೆನ್ನುಜ್ಜೋಳು ಯಾರು, ಪಕ್ಕದ ಮನೆಯೋಳಾ?"

"ಅವರ ಮುಂದೆ ಹೇಗೆ ಹೇಳೋದು..."

"ಯಾಕೆ, ಬಾಯಿಲ್ವಾ?"

ಪಾತ್ರೆಗಳ ಸದ್ದು ಜೋರಾಯಿತು. ನಾನು ಪೆದ್ದನ ಹಾಗೆ ಕಣ್ಣು ಕಣ್ಣು ಬಿಡುತ್ತ ಕೂತೆ. ತಪ್ಪು ನನ್ನದೇ. ಅದು ಊದುವ ಆಟ ಎಂದುಕೊಂಡೆ. ಗೆದ್ದು ಬಂದೆ.

ಏಪ್ರಿಲ್ 6

ಇವತ್ತು ಬಕೆಟ್ ಬಂದಿದ್ದ. ಇವಳೇ ಫೋನ್ ಮಾಡಿ ಕರೆಸಿದ್ದು, ಆಮೇಲೆ ತಿಳಿಯಿತು. ಗ್ಯಾಂಗಿನಲ್ಲಿ ಈಗ ಉಳಿದಿರುವುದು ನಾವಿಬ್ಬರೇ. ನಮ್ಮ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಂತು, "ಅಯ್ಯೋ ಸತ್ತೆ, ಉಸಿರಿಲ್ಲ!" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿಕೊಂಡು ಬಂದ. ಕಿತ್ತಳೆ ತಂದಿದ್ದ. ಅವನೇ ಸುಲಿದು ಅವನೇ ತಿಂದ.

ಅವನಿಗೆ ಭತ್ಯೆ ಮೊದಲ ಸಲಕ್ಕೇ ಮಂಜೂರು! ನನಗಿಂತ ಎಷ್ಟೋ ಚೆನ್ನಾಗಿದ್ದಾನೆ ಹಾಳಾದವನು, ಮಷೀನೂ ಇಲ್ಲ ಏನೂ ಇಲ್ಲ. "ನಾನು ಹೋದ ತಕ್ಷಣ ಹೇಳ್ದೆ ಕಣೋ — ಸ್ವಾಮೀ, ಆಗಲ್ಲ. ಚಡ್ಡಿ ಹಾಕೋಕೂ ಆಗಲ್ಲ ಅಂದೆ. ನಾಚಿಕೆ ಯಾಕೋ? ನಾನು ಅಭ್ಯಾಸ ಇರೋನು."

ಆಮೇಲೆ ನನಗೆ ತಾಲೀಮು. ಅವನು ಡಾಕ್ಟರು. ನನ್ನ ಕನ್ನಡಕ ಹಾಕಿಕೊಂಡು ಮುಖ ಗಂಟಿಕ್ಕಿ ಕೂತ.

"ಮೆಟ್ಟಿಲು ಹತ್ತೋಕಾಗುತ್ತೇನ್ರೀ?"

"...ನಿಧಾನಕ್ಕೆ ಆಗುತ್ತೆ."

"ಥೂ ನಿನ್ನ! ಇನ್ನೊಂದ್ಸಲ. ಮೆಟ್ಟಿಲು ಹತ್ತೋಕಾಗುತ್ತಾ?"

"ಸ್ವಲ್ಪ ಕಷ್ಟ... ಆದ್ರೂ ಪರವಾಗಿಲ್ಲ."

"ತಂಗೀ, ನೋಡಮ್ಮ ಇವನ್ನ! ಸತ್ತ ಮೇಲೂ ಹೆಗಲು ಕೊಡೋರಿಗೆ ಬೇಡ, ನಾನೇ ನಡ್ಕೊಂಡು ಬರ್ತೀನಿ ಅಂತಾನೆ!"

ಮೂವರೂ ನಕ್ಕೆವು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಇವಳು ಬೆನ್ನು ನೀವಿದಳು. ಬಕೆಟ್ ನಗು ನಿಲ್ಲಿಸಿ ನೆಲ ನೋಡುತ್ತ ಕೂತ.

ಹೊರಡುವಾಗ ಮೆಲ್ಲಗೆ ಹೇಳಿದ — "ನೀವೆಲ್ಲ ಚೀಲ ಹರಿದು ಕೊಡವುವಾಗ ನಾನು ನಲ್ಲಿ ಹತ್ರ ಇರ್ತಿದ್ದೆ ಕಣೋ. ಗಾಳಿ ಬರೋದು ಅಲ್ಲಿ. ಸೋಂಬೇರಿ ನಾನು, ಗಾಳಿ ತಗೊಳ್ಳೋಣ ಅಂತ ಬೇಕಂತಲೇ ಸೋಲ್ತಿದ್ದೆ. ಅದೇ ಉಳಿಸ್ತು ನೋಡು. ಡಾಕ್ಟರು ಹಾಗಂದಾಗಿಂದ ನಿಮ್ಮೆಲ್ಲರ ಮುಖಾನೇ ಕಣ್ಮುಂದೆ ಬರುತ್ತೆ."

ಮೇಸ್ತ್ರಿ, ಉದ್ದಣ್ಣ, ಎಲ್ಲರೂ ಗೆದ್ದವರೇ. "ಹೋಗೋ, ಇನ್ನಾದ್ರೂ ಕಿತ್ತಳೆ ನಂಗೂ ಒಂದು ಬಿಡೋದು ಕಲಿ" ಎಂದೆ. ಅವನ ಕೈ ಬಿಡಲು ಮನಸ್ಸಾಗಲಿಲ್ಲ.

ಏಪ್ರಿಲ್ 9

ಮೇಲ್ಮನವಿ ಹಾಕಿದೆವು. ಮೇಡಂ ಹೇಳಿದಳು — "ಇದೇ ಕೊನೇ ಅವಕಾಶ ಅಂಕಲ್. ಈ ಸಲ ನಿಜ ಹೇಳಿ, ಸಾಕು. ಬೇರೇನೂ ಬೇಡ."

ಜ್ವರ ಇದೆ ಸ್ವಲ್ಪ.

ಮೇ 14

ಬರೆಯಲಿಲ್ಲ. ಆಸ್ಪತ್ರೆ. ನಿನ್ನೆ ಮನೆಗೆ ಬಂದೆ. ಮೆಟ್ಟಿಲ ಮೇಲೆ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ ತಂದರು. ಎದುರು ಮನೆಯ ಡ್ರೈವರ್, ಕೆಳಗಿನ ಮನೆಯ ಮೇಷ್ಟ್ರು. ನಾನು ಅವರ ಮುಖ ನೋಡಲಿಲ್ಲ.

ಇವಳು ಅಷ್ಟೂ ದಿನ ವಾರ್ಡಿನ ಬೆಂಚಿನ ಮೇಲೆ ಮಲಗಿದ್ದಳು. ಒಂದು ಮಧ್ಯಾಹ್ನ ಎಚ್ಚರವಾದಾಗ ನೋಡಿದೆ. ಬಾಯಿ ತೆರೆದು ನಿದ್ದೆ, ಕೈಯಲ್ಲಿ ನನ್ನ ಕಾಲುಚೀಲ. ಮುದುಕಿಯಾಗಿಬಿಟ್ಟಿದ್ದಾಳೆ. ನಾನು ಗಮನಿಸಿಯೇ ಇರಲಿಲ್ಲ.

ಮೇ 23

ಬಚ್ಚಲಿನಲ್ಲಿ ಏನೋ ಸುಸ್ಸ್ ಸುಸ್ಸ್. ನಲ್ಲಿಯ ವಾಷರ್ ಹೋಗಿರಬೇಕು. ಇವಳನ್ನು ಕೇಳಿದರೆ "ಏನಿಲ್ಲ, ನಿಮ್ಮ ಕಿವೀಲಿ" ಎಂದಳು. ಪ್ಲಂಬರ್‌ಗೆ ಹೇಳಬೇಕು.

ಜೂನ್ 17, ಸಂಜೆ

ಇವತ್ತು ವಿಚಾರಣೆ. ನಿಧಾನವಾಗಿ ಬರೆಯುತ್ತೇನೆ. ಎಲ್ಲಾ ಬರೆಯಬೇಕು.

ಶೇವಿಂಗ್ ಬೇಡ ಎಂದಳು ಇವಳು. ಬೂಟೂ ಇಲ್ಲ. ಮನೆ ಚಪ್ಪಲಿಯಲ್ಲೇ, ಆಮ್ಲಜನಕದ ಸಣ್ಣ ಸಿಲಿಂಡರ್ ಜೊತೆ. ಉದ್ದ ಮೇಜು. ಆ ಕಡೆ ಮೂವರು. ನಡುವಿನವರು ಕನ್ನಡಕದ ಹೆಂಗಸು, ಅವರೇ ಅಧ್ಯಕ್ಷರು. ಈ ಕಡೆ ನಾನು, ಇವಳು, ಮೇಡಂ. ಮೇಜು ಕಂಡ ಕೂಡಲೇ ನನಗೆ ನೆನಪಾದದ್ದು ನಮ್ಮ ಹಲಗೆ. ಎದುರು ಬದುರು. ಹತ್ತಿಯ ಉಂಡೆ ಒಂದಿಲ್ಲ, ಅಷ್ಟೇ.

ಅಧ್ಯಕ್ಷರು ಮೆತ್ತಗೆ ಕೇಳಿದರು, "ಮನೇಲಿ ಹೇಗಿದೀರಿ? ನಿಮ್ಮ ಕೆಲಸ ನೀವೇ ಮಾಡ್ಕೋತೀರಾ?"

ಬಾಯಿ ತೆರೆದೆ. ಏನು ಬಂತು? "ಏನೋ... ನಡೀತಿದೆ ಮೇಡಂ, ತೊಂದರೆ ಏನಿಲ್ಲ."

ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ! ಸಂಘದ ಮೇಡಂ ಕಣ್ಣು ಮುಚ್ಚಿಕೊಂಡಳು. ಆಗ ಇವಳು ನನ್ನ ಕಡೆ ತಿರುಗಿದಳು, ಅಲ್ಲಿ ಬೇರೆ ಯಾರೂ ಇಲ್ಲ ಎನ್ನುವಂತೆ.

"ರೀ. ಒಂದ್ಸಲ ಹೇಳಿದ್ರಲ್ಲ. ನೆನಪಿದ್ಯಾ? ನಲ್ಲಿ ಹತ್ರ ಬಕೆಟ್ ಹಿಡ್ಕೊಂಡು ಬಂದಿದ್ರಿ."

ನೆನಪಿಲ್ಲದೆ ಇರುತ್ತದೆಯೇ. ಜೀವನದಲ್ಲಿ ಒಂದೇ ಒಂದು ಸಲ ಸೋತಿದ್ದೆ. ಕ್ಯಾಂಟೀನಿಗೆ ಹೊಸದಾಗಿ ಬಂದ ಹುಡುಗಿ ಹಿಂದಿನ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಾಳೆ ಎಂದು ಬಕೆಟ್ ಹೇಳಿದ್ದ. ಮರುದಿನ ಬೆಳಿಗ್ಗೆ ಹಲಗೆಯ ಮುಂದೆ ಕೂತು, ಎರಡೇ ಸಲ ಊದಿ, "ಸಾಕಪ್ಪಾ, ಉಸಿರಿಲ್ಲ" ಎಂದುಬಿಟ್ಟೆ. ಗ್ಯಾಂಗಿಗೆ ಗ್ಯಾಂಗೇ ಬೆರಗಾಯಿತು. ಮೇಸ್ತ್ರಿ ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಇಡೀ ದಿನ ನೀರು ಹೊತ್ತೆ. ತುಂಬಿದ ಬಕೆಟ್ ಚೆಲ್ಲಿ ಮತ್ತೆ ಮತ್ತೆ ತುಂಬಿದೆ. ಸಂಜೆ ಹೊತ್ತಿಗೆ ಅವಳೇ ಕೇಳಿದಳು, "ನಿಮ್ಮ ಬಕೆಟ್ ತೂತಾ?"

"ಅವತ್ತು ನನಗೋಸ್ಕರ ಸುಳ್ಳು ಹೇಳಿದ್ರಿ" ಎಂದಳು ಇವಳು. "ಇವತ್ತು ನನಗೋಸ್ಕರ ನಿಜ ಹೇಳೋಕೆ ಏನು ಕಷ್ಟ?"

ಮೇಜಿನ ಅಂಚು ಹಿಡಿದುಕೊಂಡೆ.

ಹೇಳಿದೆ. "ಉಸಿರಿಲ್ಲ ಮೇಡಂ. ಸಾಕಾಗಿ ಹೋಗಿದೆ. ಸ್ನಾನ ಇವಳೇ ಮಾಡಿಸ್ತಾಳೆ. ಮೆಟ್ಟಿಲು ಆಗಲ್ಲ, ಎತ್ಕೊಂಡು ಹೋಗ್ತಾರೆ. ಕೂತು ಶೇವ್ ಮಾಡೋಕೂ ಆಗಲ್ಲ. ಮಾತು ಅರ್ಧಕ್ಕೇ ನಿಲ್ಲುತ್ತೆ. ಸೀಟಿ ಹೊಡೀತಿದ್ದೆ ಮೇಡಂ, ಅದೂ ಆಗಲ್ಲ." ಅದನ್ನು ಯಾಕೆ ಹೇಳಿದೆನೋ. ಅದನ್ನು ಹೇಳುವಾಗಲೇ ಅಳು ಬಂದದ್ದು. "ನಾನು ಹೋದ್ಮೇಲೆ ಇವಳಿಗೆ ಯಾರೂ ಇಲ್ಲ" ಎಂದೆ. ಆಮೇಲೆ ನಿಜವಾಗಿಯೂ ಮಾತು ಅರ್ಧಕ್ಕೇ ನಿಂತಿತು.

ಅಧ್ಯಕ್ಷರು ಪೆನ್ನು ಕೆಳಗಿಟ್ಟು, "ಸಾಕು, ಸುಧಾರಿಸ್ಕೊಳ್ಳಿ" ಎಂದರು.

ಟ್ಯಾಕ್ಸಿಯಲ್ಲಿ ಇವಳು ನನ್ನ ಕೈ ಹಿಡಿದು ಕೂತಿದ್ದಳು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವತ್ತು ನಲ್ಲಿಯ ಕಡೆ ಹೊರಟಾಗ ಎದೆ ಎಷ್ಟು ಹಗುರಾಗಿತ್ತೋ ಅಷ್ಟೇ ಹಗುರ. ಎಲ್ಲಿದ್ದರೂ ಮೇಸ್ತ್ರಿ, ಉದ್ದಣ್ಣ ನಗುತ್ತಿರಬೇಕು. ನಗಲಿ, ನನ್ನ ಸರದಿ, ಹೊರುತ್ತೇನೆ.

ಜೂನ್ 30

ಕಾಯುವುದು. ದಿನಕ್ಕೆ ಎರಡು ಸಾಲು ಬರೆದರೆ ಪೆನ್ನು ಕೆಳಗಿಡಬೇಕು. ಬಚ್ಚಲ ನಲ್ಲಿ ಇನ್ನೂ ಸುಸ್ಸ್ ಎನ್ನುತ್ತದೆ, ಇವಳು ಒಳಗಿದ್ದಾಗ ಮಾತ್ರ.

ಜುಲೈ 8, ಬೆಳಿಗ್ಗೆ

ಮೇಡಂ ಫೋನ್. ಆದೇಶ ಬಂದಿದೆ, ಲಕೋಟೆ ಇನ್ನೂ ಒಡೆದಿಲ್ಲ, ಆಂಟಿ ಬಂದು ಸಹಿ ಹಾಕಿ ತೆಗೆದುಕೊಳ್ಳಬೇಕು. ಇವಳು ಸೀರೆ ಬದಲಾಯಿಸಿದಳು. ಪಕ್ಕದ ಮನೆಯವಳಿಗೆ ನನ್ನ ಮೇಲೆ ಕಣ್ಣಿಡಲು ಹೇಳಿದಳು.

"ಅಲ್ಲಿಂದಲೇ ಫೋನ್ ಮಾಡು" ಎಂದೆ.

"ಮಾಡಲ್ಲ. ಕೇಳಿ ಏನಾದ್ರೂ ಮಾಡ್ಕೊಂಡ್ರೆ? ನಾನು ಎದುರಿಗೆ ಇರ್ಬೇಕು."

"ಹಾಗಾದ್ರೆ ದರ್ಜಿ ಅಂಗಡಿ ಹತ್ರ ನಿಂತು ಸೀಟಿ ಹೊಡಿ. ಆಗಿದ್ರೆ ಹೊಡಿ, ಆಗದಿದ್ರೆ ಸುಮ್ನೆ ಬಾ."

"ವಯಸ್ಸಾಯ್ತು, ಬುದ್ಧಿ ಬರ್ಲಿಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟಳು. ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದಳು.

ಅದೇ ದಿನ, ಮಧ್ಯಾಹ್ನ

ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡಿದ್ದೇನೆ. ಮಷೀನಿನ ನಳಿಕೆ ಇಲ್ಲಿವರೆಗೂ ಬರುತ್ತದೆ. ಬೀದಿ ಖಾಲಿ. ದರ್ಜಿ ಊಟಕ್ಕೆ ಹೋಗಿದ್ದಾನೆ. ಒಂದು ಬಸ್ ಬಂತು, ಇವಳು ಇಳಿಯಲಿಲ್ಲ.

ಆಗಲಿಲ್ಲ ಅಂದರೆ... ಬೇಡ. ಬರೆಯುವುದಿಲ್ಲ.

ಇನ್ನೊಂದು ಬಸ್. ಇಳಿದಳು. ನೀಲಿ ಸೀರೆ. ಮುಖ ಕಾಣುವುದಿಲ್ಲ ಇಲ್ಲಿಂದ. ನಡೆದು ಬರುತ್ತಿದ್ದಾಳೆ, ಸುಮ್ಮನೆ. ದರ್ಜಿ ಅಂಗಡಿ ಬಂತು. ನಿಲ್ಲಲಿಲ್ಲ. ದಾಟಿದಳು. ಹೋಗಲಿ ಬಿಡು. ಹೋಗಲಿ.

ನಿಂತಳು. ಹಿಂದಕ್ಕೆ ಹೋದಳು, ಅಂಗಡಿ ಮುಂದಕ್ಕೆ. ಸುತ್ತ ನೋಡುತ್ತಿದ್ದಾಳೆ, ಯಾರಾದರೂ ಇದ್ದಾರಾ ಎಂದು. ಬ್ಯಾಗನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಎರಡು ಬೆರಳು ಬಾಯಿಗೆ —

ಅಯ್ಯೋ ಇವಳ! ಬಚ್ಚಲಿನ ನಲ್ಲಿ! ವಾಷರ್ ಅಲ್ಲ, ಇವಳು!

ಒಂದು ಉದ್ದ. ಅರ್ಧ ಗಾಳಿ, ಅರ್ಧ ಸೀಟಿ. ಎರಡು ಗಿಡ್ಡ. ನನ್ನದೇ. ಇನ್ನೊಂದು ಸಲ ಹೊಡೆದಳು, ಈ ಸಲ ಇಡೀ ಬೀದಿಗೆ ಕೇಳುವಂತೆ. ಬರುತ್ತಿದ್ದಾಳೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಗುತ್ತಾ. ಎರಡು ಮಹಡಿ ಹತ್ತಬೇಕು ಇವಳು. ಅಷ್ಟರಲ್ಲಿ ಏಳಬೇಕು. ಗೋಡೆ ಹಿಡಿದಾದರೂ. ಟೀಗೆ ನೀರು